ತೋಟ ಇರಬೇಕು, ತೋಟದಲ್ಲಿ ಇರಬಾರದು

ನನಗೀಗ 34. ಕೊಡಗಿನ ಮಾದಾಪುರದ ಹತ್ತಿರ ಆರು ಎಕರೆ ರೊಬಸ್ಟಾ ಕಾಫಿ ಇದೆ. ಮರಕ್ಕೆ ಕರಿಮೆಣಸು ಹಬ್ಬಿದೆ, ಬೇಲಿ ಪಕ್ಕ ನಾಲ್ಕು ಕಿತ್ತಳೆ ಗಿಡ. ಹಳೇ ಜೀಪಿದೆ, ಎರಡು ನಾಯಿ ಇವೆ. ಮದುವೆ ಮಾತ್ರ ಇಲ್ಲ.

ನಮ್ಮ ಕಡೆ ಊರುಗಳು ತುಂಬ ಶಿಸ್ತಿನವು. ಸೋಮವಾರಪೇಟೆಯ ಹೆಸರಲ್ಲೇ ಸಂತೆಯ ದಿನವಿದೆ. ಶನಿವಾರಸಂತೆ ಕೇಳಲೇಬೇಡಿ. ಬದನೆಕಾಯಿ ಯಾವತ್ತು ಸಿಗುತ್ತದೆ ಅಂತ ಬಸ್ಸಿನ ಬೋರ್ಡ್ ನೋಡಿದರೆ ಸಾಕು. ಹುಡುಗ ಹುಡುಗಿ ಯಾವತ್ತು, ಎಲ್ಲಿ ಸಿಗಬೇಕು ಅನ್ನುವುದಕ್ಕೆ ಮಾತ್ರ ಬೋರ್ಡ್ ಇಲ್ಲ.

ಮೊದಲು ಆ ಬೋರ್ಡ್ ಅಂದರೆ ಅತ್ತೆಯಂದಿರು. ಕೊಡವರಲ್ಲಂತೂ ಮದುವೆಗೆ ಪುರೋಹಿತರೇ ಬೇಡ. ಎರಡೂ ಕಡೆಯ ಅರುವ, ಅಂದರೆ ಮನೆಯ ಪರ ಮಾತಾಡುವ ಹಿರಿಯರು, ಎದುರುಬದುರು ನಿಂತು ಮನೆತನದ ಪರವಾಗಿ ಮಾತಾಡಿ ಮುಗಿಸುತ್ತಾರೆ. ಮದುಮಗ ಕುಪ್ಯ ಅನ್ನುವ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡು ಗಂಭೀರವಾಗಿ ಕೂತರೆ ಸಾಕು. ನಮ್ಮ ಅರೆಭಾಷೆ ಗೌಡರ ಮನೆಗಳಲ್ಲೂ ಮಾತು ಹಿರಿಯರದು, ನಾಚಿಕೆ ನಮ್ಮದು. ಈಗ ಎಲ್ಲರೂ ದೊಡ್ಡ ಮನಸ್ಸು ಮಾಡಿ "ನೀನೇ ಮಾತಾಡು, ನೀನೇ ಹುಡುಕು" ಅಂತ ಬಿಟ್ಟಿದ್ದಾರೆ. ಬಿಟ್ಟಿದ್ದು ಮಾತನ್ನು ಮಾತ್ರ. ಷರತ್ತುಗಳೆಲ್ಲ ಅವರ ಹತ್ತಿರವೇ ಇವೆ, ಮೇಲೆ ಹೊಸದೂ ಸೇರಿವೆ.

ಒಂದು ಫೋನ್ ಮಾತುಕತೆ ಕೇಳಿ. ಆ ಕಡೆ ಹುಡುಗಿಯ ತಾಯಿ.

"ತೋಟ ಇದೆಯಾ?"

"ಇದೆ, ಆರು ಎಕರೆ."

"ಒಳ್ಳೇದಾಯ್ತು. ಹುಡುಗ ಎಲ್ಲಿರೋದು?"

"ತೋಟದಲ್ಲಿ."

ಆಮೇಲೆ ಮೌನ. ನೆಟ್‌ವರ್ಕ್ ಹೋಯಿತೇನೋ ಅಂತ ನಮ್ಮಮ್ಮ ಅಂಗಳಕ್ಕೆ ಓಡಿದರು. ನೆಟ್‌ವರ್ಕ್ ಇತ್ತು, ಸಂಬಂಧ ಹೋಗಿತ್ತು.

ಲೆಕ್ಕ ಇಷ್ಟೇ. ತೋಟ ಇರಬೇಕು, ಹುಡುಗ ಬೆಂಗಳೂರಿನಲ್ಲಿರಬೇಕು. ತೋಟವನ್ನು ಅಪ್ಪ ಅಮ್ಮ ನೋಡಿಕೊಳ್ಳಬೇಕು, ಆದರೆ ಜೊತೆಯಲ್ಲಿರಬಾರದು. ರಜೆಗೆ ಬಂದಾಗ ಮಂಜು ಇರಬೇಕು, ಜಿಗಣೆ ಇರಬಾರದು. "ಆನೆ ಬರುತ್ತಾ?" ಅಂತ ಒಬ್ಬರು ಕೇಳಿದರು. ಬರುತ್ತೆ, ನಿಮ್ಮ ಥರ ಮೊದಲೇ ಫೋನ್ ಮಾಡಲ್ಲ ಅಂದೆ. ಆ ಸಂಬಂಧವೂ ಹೋಯಿತು.

2024ರಲ್ಲಿ ರೊಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿತಲ್ಲ, ಆಗ ನೋಡಬೇಕಿತ್ತು. ಮೂರು ವರ್ಷದ ಹಿಂದೆ ಬೇಡ ಅಂದಿದ್ದ ಕಡೆಯಿಂದಲೇ ಫೋನ್ ಬಂತು. ನನ್ನ ಗುಣ, ಬಣ್ಣ, ಎತ್ತರ ಎಲ್ಲ ಇದ್ದ ಹಾಗೇ ಇತ್ತು. ಮೂಟೆಯ ರೇಟ್ ಮಾತ್ರ ಬದಲಾಗಿತ್ತು.

ಹುಡುಗಿಯರ ಕಡೆಯವರನ್ನೇ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಪಟ್ಟಿ ತೆಗೆದರೆ ಅದು ಇನ್ನೂ ಚೆಂದ. ಹುಡುಗಿ ಓದಿರಬೇಕು, ಕೆಲಸದಲ್ಲಿರಬೇಕು, ಮದುವೆ ಗೊತ್ತಾದ ತಕ್ಷಣ ತಾನಾಗಿಯೇ ಕೆಲಸ ಬಿಡಬೇಕು. ನಾವು ಬಿಡಿಸಿದ ಹಾಗೆ ಕಾಣಬಾರದು. ಕಾರ್ ಓಡಿಸಬೇಕು, ಅದರಲ್ಲಿ ಎಲ್ಲಿಗೂ ಹೋಗಬಾರದು. ನಮ್ಮಮ್ಮನದು ಒಂದೇ ಸಾಲು: "ಮಾಡರ್ನ್ ಆಗಿರಲಿ, ಆದ್ರೆ ನಮ್ಮ ಥರಾನೇ ಇರಲಿ." 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನೋಡಿ ನನಗೂ ಕಾಲು ತುರಿಸಿತು. ಹುಡುಗಿಯರಿಗೆ ಏನು ಬೇಕು ಅಂತ ಹುಡುಗಿಯರನ್ನೇ ಕೇಳುವುದಕ್ಕಿಂತ, ಅಷ್ಟು ದೂರ ನಡೆದು ಮಾದಪ್ಪನನ್ನು ಕೇಳುವುದು ನಮಗೆ ಸುಲಭ ಅಲ್ವಾ.

ಕೊನೆಗೆ ಮೊಬೈಲಿಗೆ ಒಂದು ಡೇಟಿಂಗ್ ಆ್ಯಪ್ ಹಾಕಿಕೊಂಡೆ. ಶುಕ್ರವಾರ ರಾತ್ರಿ ಹತ್ತು ಕಿಲೋಮೀಟರ್ ಒಳಗೆ ಹುಡುಗಿಯರೇ ಹುಡುಗಿಯರು! ಕೊಡಗು ಇಷ್ಟು ಮುಂದುವರೆಯಿತಾ ಅಂತ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಇಪ್ಪತ್ತು ಕಿಲೋಮೀಟರ್ ಆದರು, ಮೂವತ್ತಾದರು, ಸಂಜೆಗೆ ಕುಶಾಲನಗರದ ಸೇತುವೆ ದಾಟಿ ಮೈಸೂರು ಜಿಲ್ಲೆಯ ಕೊಪ್ಪದ ಆಚೆ ಹೋದರು. ಹೋಂಸ್ಟೇಗೆ ಬಂದವರು. ಸೋಮವಾರ ಬೆಳಿಗ್ಗೆ ನಾಲ್ಕು ಜನ ಉಳಿದಿದ್ದರು. ಅದರಲ್ಲೊಂದು ನಮ್ಮ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಹುಡುಗಿ ಫೋಟೊ ಹಾಕಿಕೊಂಡಿದ್ದ.

ಇನ್ನೊಬ್ಬಳು ನಿಜವಾದ ಹುಡುಗಿ. ಹನ್ನೊಂದು ದಿನ ಗುಡ್ ಮಾರ್ನಿಂಗ್ ಹೇಳಿಕೊಂಡೆವು. ಮಳೆ ಎಷ್ಟು ಇಂಚು ಬಂತು ಅಂತ ಕೇಳಿಕೊಂಡೆವು. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಆಪ್ತವಾದ ಪ್ರಶ್ನೆ ಇಲ್ಲ. ಹನ್ನೆರಡನೇ ದಿನ ಅವಳು ತನ್ನ ಬೆಕ್ಕಿನ ಫೋಟೊ ಕಳಿಸಿದಳು. ಬೆಕ್ಕು ಚೆನ್ನಾಗಿತ್ತು. ಬೆಕ್ಕಿನ ಹಿಂದೆ ಗೋಡೆಯ ಮೇಲೆ, ಕಟ್ಟು ಹಾಕಿಸಿದ ಪಟದಲ್ಲಿ, ಮೀಸೆ ತಿರುವಿಕೊಂಡು ನನ್ನ ಮುತ್ತಜ್ಜ ಕೂತಿದ್ದರು. ಅದೇ ಪಟ ನಮ್ಮ ಜಗಲಿಯಲ್ಲೂ ಇದೆ. ಕೊಡಗಿನಲ್ಲಿ ಹೆಸರಿಗಿಂತ ಮೊದಲು ಮನೆ ಹೆಸರು ಕೇಳುತ್ತಾರೆ. ಒಂದೇ ಮನೆಯಾದರೆ ಅಣ್ಣ ತಂಗಿ, ಕಥೆ ಮುಗಿಯಿತು. ಆ್ಯಪ್‌ನವರು ಇಷ್ಟದ ತಿಂಡಿ ಕೇಳುತ್ತಾರೆ, ರಾಶಿ ಕೇಳುತ್ತಾರೆ, ಮನೆ ಹೆಸರು ಕೇಳುವುದಿಲ್ಲ. ಈಗ ಅವಳು ರಾಖಿ ಕಳಿಸುತ್ತಾಳೆ.

ಒಂದೇ ಒಂದು ಸಲ ಎದುರೆದುರು ಭೇಟಿಯೂ ಆಯಿತು, ಬೇರೆಯವಳ ಜೊತೆ. ಮಡಿಕೇರಿಯ ಒಂದು ಕೆಫೆ. ಎರಡು ಕಾಫಿಗೆ 440 ರೂಪಾಯಿ. ಕಾಫಿ ಬೆಳೆಯುವವನಿಗೆ ಆ ಬಿಲ್ ನೋಡಿ ಬರುವ ನೋವು ಪ್ರೇಮಕ್ಕೆ ಒಳ್ಳೆಯದಲ್ಲ. ಬಿಲ್ ನಾನು ಕೊಟ್ಟರೆ ಹಳೇ ಕಾಲದವನು, ಅರ್ಧ ಕೊಡು ಅಂದರೆ ಜಿಪುಣ, ಅವಳು ಕೊಡಲಿ ಅಂತ ಸುಮ್ನೆ ಕೂತರೆ ದಂಡಪಿಂಡ. ಹೀಗೆ ಯೋಚಿಸುತ್ತಿರುವಾಗಲೇ ಅಮ್ಮನ ಫೋನ್ ಬಂತು. "ಹಸಿರು ಚೂಡಿದಾರ್ ಯಾರ ಮನೆ ಹುಡುಗಿನೋ?" ಕಾಫಿ ತಂದಿಟ್ಟ ಹುಡುಗ ನನ್ನ ಸೋದರಮಾವನ ಪಕ್ಕದ ಮನೆಯವನಂತೆ. ಕಾಫಿ ಇನ್ನೂ ಬಿಸಿಯಿತ್ತು. "ನಿಮ್ಮನೇಲಿ ತುಂಬ ಇನ್ವಾಲ್ವ್ ಆಗ್ತಾರೆ ಅನ್ಸುತ್ತೆ" ಅಂತ ಆ ಹುಡುಗಿ ಎದ್ದಳು. ಅವಳ ಫೋನೂ ಆಗಿನಿಂದ ಬಡಿದುಕೊಳ್ಳುತ್ತಲೇ ಇತ್ತು, ಅದು ಬೇರೆ ವಿಷಯ.

ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪನ ಮಗನಿಗೆ ಮದುವೆ ಗೊತ್ತಾಯಿತು. ಅವನಿಗೆ ಎಲ್ಲ ಅರ್ಹತೆ ಇದೆ. ತೋಟ ಇದೆ, ಅವನು ಅದರಲ್ಲಿಲ್ಲ. ಹುಡುಗಿಯೂ ಬೆಂಗಳೂರಿನಲ್ಲೇ ಕೆಲಸ, ಶನಿವಾರಸಂತೆ ಕಡೆಯವಳು. ಆಷಾಢದಲ್ಲಿ ಮದುವೆಗಳಿಲ್ಲ, ಫೋಟೊದವರ ರೇಟ್ ಕಮ್ಮಿ ಅಂತ ಪ್ರೀ ವೆಡ್ಡಿಂಗ್ ಶೂಟ್ ಆಗಲೇ ಇಟ್ಟುಕೊಂಡರು. ಜಾಗ ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಗುಡ್ಡ. ಕೊಡೆ ಹಿಡಿಯುವ ಕೆಲಸ ನನ್ನದು.

ಆ ಗಾಳಿಯಲ್ಲಿ ಕೊಡೆ ಮೂರು ಸಲ ಉಲ್ಟಾ ಆಯಿತು. ಹುಡುಗಿಗೆ ನೆಲ ಗುಡಿಸುವಷ್ಟು ಉದ್ದದ ಬಿಳಿ ಗೌನು. ಇವನಿಗೆ ಗೋಣಿಚೀಲದೊಳಗೆ ಇಳಿದ ಹಾಗೆ ಕಾಣುವ ಬ್ಲೇಜರ್. ಫೋಟೊದವನು ಮಂಜಿನೊಳಗಿಂದ ಕೂಗುತ್ತಿದ್ದ. "ಸರ್, ಕ್ಯಾಂಡಿಡ್ ಆಗಿ ನಗಿ! ಕೈ ಹಿಡ್ಕೊಳ್ಳಿ! ಮೇಡಂ, ಅವರನ್ನ ಮೊದಲನೇ ಸಲ ನೋಡ್ತಿರೋ ಥರ ನೋಡಿ!"

"ನಾನು ನೋಡ್ತಿರೋದೇ ಮೂರನೇ ಸಲ" ಅಂದಳು ಹುಡುಗಿ.

ಅಷ್ಟರಲ್ಲಿ ಇವನು ಒಂಟಿ ಕಾಲಲ್ಲಿ ಕುಣಿಯತೊಡಗಿದ. ಸಾಕ್ಸ್ ಇಳಿಸಿದರೆ ಹಿಮ್ಮಡಿಯ ಮೇಲೆ ಜಿಗಣೆ, ಕುಡಿದು ಕುಡಿದು ದ್ರಾಕ್ಷಿ ಹಾಗೆ ಊದಿಕೊಂಡಿದೆ. ಬೆಂಗಳೂರು ಸೇರಿ ಹತ್ತು ವರ್ಷವಾಗಿದೆ, ಹುಟ್ಟಿದ ಊರಿನ ಜಿಗಣೆ ಕಂಡು ಅವನಿಗೇ ತಲೆ ತಿರುಗಿತು. ಹುಡುಗಿ ಗೌನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೆಸರಲ್ಲೇ ಕೂತಳು. ಜೀಪಿನವನ ಹತ್ತಿರ ಉಪ್ಪಿನ ಪೊಟ್ಟಣ ಈಸಿಕೊಂಡು ಒಂದು ಚಿಟಿಕೆ ಹಾಕಿದಳು. ಅದು ಸುರುಟಿ ಬಿತ್ತು. ರಕ್ತ ನಿಲ್ಲಲಿ ಅಂತ ಹೆಬ್ಬೆರಳಲ್ಲಿ ಒತ್ತಿ ಹಿಡಿದಳು.

"ನಿಂಗೆ ಹೇಸಿಗೆ ಆಗಲ್ವಾ?"

"ನಮ್ಮ ಗದ್ದೇಲಿ ಇದರಪ್ಪ ಇರ್ತಿತ್ತು."

ಯಾವ ಗದ್ದೆ ಅಂತ ಇವನು ಕೇಳಿದ. ಅವಳು ಹೇಳಿದಳು. ಈಗಲೂ ನಾಟಿ ಮಾಡ್ತೀರಾ ಅಂದ. ಇಲ್ಲ, ಪಾಳು ಬಿಟ್ಟಿದ್ದೀವಿ ಅಂದಳು. ನಮ್ಮದೂ ಹಾಗೇ ಅಂದ. ಅವಳ ಹೆಬ್ಬೆರಳು ಹಿಮ್ಮಡಿಯ ಮೇಲೇ ಇತ್ತು, ರಕ್ತ ಯಾವಾಗಲೋ ನಿಂತಿತ್ತು. ನಾನು ಕೊಡೆ ಹಿಡಿದು ಬೇರೆ ಕಡೆ ನೋಡುತ್ತಾ ನಿಂತೆ.

ಹತ್ತು ನಿಮಿಷ ಕಾದ ಫೋಟೊದವನು ಕೊನೆಗೆ ಹತ್ತಿರ ಬಂದು ಗಡಿಯಾರ ತೋರಿಸಿದ. "ಸರ್, ಡ್ರೋನ್ ಬ್ಯಾಟರಿ ಮುಗೀತಿದೆ. ಬೇಗ ಏಳಿ, ರೊಮ್ಯಾಂಟಿಕ್ ಸೀನ್ ಒಂದೂ ಆಗಿಲ್ಲ."