ಲಂಡನ್ನಿನಲ್ಲಿ ಸಿಕ್ಕ ಬೆಂಗಳೂರಿನ ಲಿಬರೇಟರ್

ಲಂಡನ್ನಿನ ಹೆಂಡನ್‌ನಲ್ಲಿರುವ ಬ್ರಿಟಿಷ್ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಂಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ನೋಡಬೇಕಿದ್ದದ್ದು ಸ್ಪಿಟ್‌ಫೈರ್ ಅನ್ನುವ ಯುದ್ಧವಿಮಾನ. ನಾನು ಮೊದಲು ಅವಳನ್ನು ನಿಲ್ಲಿಸಿದ್ದು ನಾಲ್ಕು ಎಂಜಿನ್‌ಗಳ, ಹೊಟ್ಟೆ ದಪ್ಪಗಿರುವ ಒಂದು ಬಾಂಬರ್ ಮುಂದೆ. ಅದರ ಹೆಸರು ಲಿಬರೇಟರ್. "ಇದಕ್ಕೆ ಮರುಜೀವ ಬಂದಿದ್ದು ನಮ್ಮ ಬೆಂಗಳೂರಲ್ಲಿ ಪುಟ್ಟಿ" ಅಂದೆ. "ಸುಮ್ನೆ ಹೇಳ್ತೀಯ ಅಪ್ಪ" ಅಂದಳು.

ಸುಮ್ನೆ ಹೇಳಿದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರ ಲಿಬರೇಟರ್‌ಗಳು ಕಾನ್ಪುರದಲ್ಲಿ ಸಾಲಾಗಿ ಬಿದ್ದಿದ್ದವು. ಇನ್ಯಾರೂ ಇವನ್ನು ಹಾರಿಸಬಾರದು ಅಂತ ಅವನ್ನು ಜಜ್ಜಿ, ಎಂಜಿನ್ನಿಗೆ ಮರಳು ಸುರಿದು ಹೋಗಿದ್ದರು. ಆಗಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್‌ನವರು 1948ರಲ್ಲಿ ಅಲ್ಲಿಗೆ ಹೋದರು. ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಿದರು. ಬೆಂಗಳೂರು ಮುಟ್ಟಿದರೆ ಸಾಕು ಅನ್ನುವಷ್ಟು ರಿಪೇರಿ ಮಾಡಿದರು. ಪೈಲಟ್ ಜಮ್‌ಶೆಡ್ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇನ್ನುಳಿದ ಕೆಲಸವೆಲ್ಲ ಅಲ್ಲೇ ನಡೆಯಿತು. ಹೀಗೆ ಎದ್ದು ನಿಂತ ವಿಮಾನಗಳನ್ನು ನಮ್ಮ ವಾಯುಪಡೆ 1968ರ ಕೊನೆಯವರೆಗೂ ಹಾರಿಸಿತು.

ಅಷ್ಟರಲ್ಲಿ ಬೇರೆ ಕಡೆ ಲಿಬರೇಟರ್ ಗುಜರಿಗೆ ಹೋಗಿಬಿಟ್ಟಿತ್ತು. 18,000ಕ್ಕೂ ಹೆಚ್ಚು ತಯಾರಾಗಿದ್ದ ವಿಮಾನ, ಮ್ಯೂಸಿಯಂನಲ್ಲಿ ಇಡೋಣ ಅಂದರೆ ಸಿಗುತ್ತಿರಲಿಲ್ಲ. ಕೊನೆಗೆ ಅಮೆರಿಕ, ಕೆನಡಾ, ಬ್ರಿಟನ್ ಮೂವರಿಗೂ ಭಾರತದಿಂದಲೇ ಹೋಯಿತು. ಹೆಂಡನ್‌ನಲ್ಲಿರುವುದು ಬ್ರಿಟನ್ನಿಗೆ ಬಂದದ್ದು 1974ರಲ್ಲಿ. ಹಡಗಿನಲ್ಲಲ್ಲ, ಹಾರಿಕೊಂಡೇ ಬಂತು. ನನ್ನ ಮೆಚ್ಚಿನ ವಿಮಾನ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ. ಸ್ಪಿಟ್‌ಫೈರ್ ಇದಕ್ಕಿಂತ ನೂರು ಪಾಲು ಚೆಂದ, ಒಪ್ಪುತ್ತೇನೆ. ಆದರೆ ಇದರ ಮೈಮೇಲೆ ನಮ್ಮವರ ಕೈಗುರುತು ಇದೆ.

ಹದಿನೈದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿನವರು ಹಳೆಯ ವಿಮಾನವನ್ನು ನೋಡಿಕೊಳ್ಳುವ ರೀತಿಗೂ ನಮ್ಮ ರೀತಿಗೂ ಇರುವ ವ್ಯತ್ಯಾಸ ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ. ನಮ್ಮಲ್ಲಿ ವಿಮಾನ ನಿವೃತ್ತಿಯಾದರೆ ಬಣ್ಣ ಬಳಿದು, ಯಾವುದಾದರೂ ಗೇಟಿನ ಮುಂದೆ ಕಂಬದ ಮೇಲೆ ಏರಿಸುತ್ತೇವೆ. ಅದೂ ಗೌರವವೇ. ಇಲ್ಲಿ ಮಾತ್ರ ಎಂಜಿನ್ ಸದ್ದು ಕೇಳಿಸದೆ ಇವರಿಗೆ ಸಮಾಧಾನವಿಲ್ಲ. ಓಲ್ಡ್ ವಾರ್ಡನ್‌ನ ಶಟಲ್‌ವರ್ತ್ ಸಂಗ್ರಹದಲ್ಲಿ 1909ರ ಬ್ಲೇರಿಯೊ ವಿಮಾನವನ್ನು ಗಾಳಿ ಇಲ್ಲದ ಸಂಜೆ ನೋಡಿಕೊಂಡು ಹುಲ್ಲಿನ ಮೇಲಿಂದ ಒಂದಿಷ್ಟು ಎತ್ತರಕ್ಕೆ ಹಾರಿಸುತ್ತಾರೆ.

ನನಗೆ ಅತಿ ಹೆಚ್ಚು ಹಿಡಿಸಿದ್ದು ಲಿಂಕನ್‌ಶೈರಿನ ಈಸ್ಟ್ ಕರ್ಕ್‌ಬಿ. ಅಲ್ಲಿ 'ಜಸ್ಟ್ ಜೇನ್' ಅನ್ನುವ ಲ್ಯಾಂಕಾಸ್ಟರ್ ಬಾಂಬರ್ ಇದೆ. 1944ರಲ್ಲಿ ಬಾಂಬರ್‌ನಲ್ಲಿ ಹೋಗಿ ವಾಪಸ್ ಬರದ ಅಣ್ಣನ ನೆನಪಿಗೆ ಪ್ಯಾಂಟನ್ ಸಹೋದರರು ಕೊಂಡು ಉಳಿಸಿದ ವಿಮಾನ. ನಾನು ಹೋದಾಗ ಅದು ಹಾರುತ್ತಿರಲಿಲ್ಲ, ನೆಲದ ಮೇಲೆ ಓಡುತ್ತಿತ್ತು ಅಷ್ಟೆ. ಎಪ್ಪತ್ತು ದಾಟಿದ ಒಬ್ಬರು ಎಂಜಿನ್ ಕೆಳಗೆ ತಟ್ಟೆಗಳನ್ನು ಇಡುತ್ತಿದ್ದರು, ಸೋರುವ ಎಣ್ಣೆ ಹಿಡಿಯಲು. ಮೊದಲ ಮರ್ಲಿನ್ ಎಂಜಿನ್ ಕೆಮ್ಮಿತು. ಬಿಳಿ ಹೊಗೆ ಉಗುಳಿತು. ಪ್ರೊಪೆಲ್ಲರ್ ತಡವರಿಸಿ, ಒಂದೇ ಏಟಿಗೆ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿತು. ನಾಲ್ಕನೆಯದೂ ಸೇರುವ ಹೊತ್ತಿಗೆ ಹಿಂದಿನ ಹುಲ್ಲೆಲ್ಲ ಮಲಗಿಬಿಟ್ಟಿತ್ತು. ಸದ್ದು ಕಿವಿಗಿಂತ ಜಾಸ್ತಿ ಎದೆಗೆ ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಕಣ್ಣು ಒರೆಸಿಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ.

ಹಾಗಂತ ಎಲ್ಲವನ್ನೂ ಹಾರಿಸಲೇಬೇಕು ಅಂತ ನಾನು ಹೇಳುವುದಿಲ್ಲ. 2015ರಲ್ಲಿ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಳೆಯ ಹಂಟರ್ ಜೆಟ್ ರಸ್ತೆಗೆ ಬಿದ್ದು 11 ಜನ ಸತ್ತರು. 2022ರಲ್ಲಿ ಡಲ್ಲಾಸ್‌ನಲ್ಲಿ ಎರಡು ಹಳೆಯ ಯುದ್ಧವಿಮಾನ ಡಿಕ್ಕಿಯಾಗಿ 6 ಜನ ಹೋದರು. ಯಾವ ವಿಮಾನವೂ ಜೀವಕ್ಕಿಂತ ದೊಡ್ಡದಲ್ಲ. ವಲ್ಕನ್ ಬಾಂಬರನ್ನು ಜನ ದುಡ್ಡು ಕೂಡಿಸಿ 2007ರಲ್ಲಿ ಮತ್ತೆ ಹಾರಿಸಿದರು. ಮುಂದೆ ತಾಂತ್ರಿಕ ಬೆಂಬಲ ಸಿಗುವುದಿಲ್ಲ ಅಂತಾದಾಗ 2015ರಲ್ಲಿ ಇಳಿಸಿ ನಿಲ್ಲಿಸಿದರು. ಅದು ಸರಿಯಾದ ತೀರ್ಮಾನವೇ. ಕಾಂಕಾರ್ಡ್ ಕೂಡ 2003ರಿಂದ ಹಾರಿಲ್ಲ, ಇನ್ನು ಹಾರುವುದೂ ಇಲ್ಲ.

ಪ್ರಯಾಣಿಕರ ವಿಮಾನಗಳಲ್ಲಿ ನನ್ನ ಪ್ರೀತಿ ಡಕೋಟಾಗೆ. ಡಿಸಿ-3 ಅಂತ 1935ರ ಡಿಸೆಂಬರ್ 17ರಂದು ಮೊದಲು ಹಾರಿತು. ಅದರ ಬಾಲ ನೆಲಕ್ಕೆ ತಾಗುವ ಹಾಗೆ ಕೂತಿರುತ್ತದೆ. ಒಳಗೆ ಹತ್ತಿದರೆ ಬಾಗಿಲಿಂದ ಕಾಕ್‌ಪಿಟ್‌ವರೆಗೆ ಸಣ್ಣ ಗುಡ್ಡ ಏರಿದ ಹಾಗೆ ನಡೆಯಬೇಕು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಇದೇ ಡಕೋಟಾ. ಆ ನೆನಪಿಗೆ, ಅಂದಿನ ವಿಮಾನದ ವಿಪಿ 905 ನಂಬರನ್ನೇ ಹೊತ್ತ, 'ಪರಶುರಾಮ' ಅಂತ ಹೆಸರಿಟ್ಟ ಡಕೋಟಾ 2018ರಲ್ಲಿ ಭಾರತಕ್ಕೆ ಹಾರಿ ಬಂತು. ವಾಯುಪಡೆಗೆ ಕೊಡುಗೆ ಕೊಟ್ಟವರು ರಾಜೀವ್ ಚಂದ್ರಶೇಖರ್. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದರು. ಈ ಸುದ್ದಿ ಓದಿ ಅವತ್ತು ಹಿಗ್ಗಿದ್ದೆ. ಜೊತೆಗೇ ಒಂದು ಮಾತು ಚುಚ್ಚಿತು. ಆ ವಿಮಾನ ರಿಪೇರಿಯಾಗಿದ್ದು ಇಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಮರಳು ತುಂಬಿದ ಲಿಬರೇಟರ್‌ಗಳನ್ನು ಎಬ್ಬಿಸಿದ ದೇಶ ನಮ್ಮದು, ಅಲ್ವಾ? ಆ ವಿದ್ಯೆ ಬೇಕಾದಾಗ ಮಾತ್ರ ನಮ್ಮ ಕೈಯಲ್ಲಿರುತ್ತದೆ. ವಿಮಾನಕ್ಕೆ ಕೆಲಸ ಮುಗಿದ ದಿನವೇ ಅದನ್ನು ಬಲ್ಲ ಕೈಗಳನ್ನೂ ಮನೆಗೆ ಕಳಿಸಿಬಿಡುತ್ತೇವೆ. ಈಸ್ಟ್ ಕರ್ಕ್‌ಬಿಯಲ್ಲಿ ತಟ್ಟೆ ಇಡುತ್ತಿದ್ದ ಆ ಹಿರಿಯರ ಪಕ್ಕ ಇಪ್ಪತ್ತು ವರ್ಷದ ಹುಡುಗನೊಬ್ಬ ಬಗ್ಗಿ ನೋಡುತ್ತಿದ್ದ. ನಮ್ಮಲ್ಲಿ ಕಾಣೆಯಾಗಿರುವುದು ಆ ಹುಡುಗ.

ನನಗೆ ಅತಿ ಹೆಚ್ಚು ನೋವಾಗುವುದು ಮಾರುತದ ವಿಷಯದಲ್ಲಿ. ಎಚ್‌ಎಫ್-24 ಮಾರುತ, ಬೆಂಗಳೂರಿನಲ್ಲೇ ವಿನ್ಯಾಸವಾಗಿ ಬೆಂಗಳೂರಿನಲ್ಲೇ ತಯಾರಾದ ಜೆಟ್ ಫೈಟರ್. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಇದರ ಮುಖ್ಯ ವಿನ್ಯಾಸಕಾರ. 1961ರ ಜೂನ್ 17ರಂದು ಇದನ್ನು ಮೊದಲ ಸಲ ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಇದೇ ಮಾರುತದ ಅಪಘಾತದಲ್ಲಿ ತೀರಿಕೊಂಡವರೂ ಅವರೇ. ಎಂಜಿನ್ ಶಕ್ತಿ ಸಾಲಲಿಲ್ಲ ಅನ್ನುವುದು ನಿಜ. ಬೇಕಿದ್ದ ಎಂಜಿನ್ ಸಿಗದೆ, ಎರಡು ಆರ್ಫಿಯಸ್‌ಗಳಲ್ಲೇ ಸುಧಾರಿಸಿಕೊಳ್ಳಬೇಕಾಯಿತು. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಚೆನ್ನಾಗಿ ಹೋರಾಡಿತು. ಒಂದು ಮಾರುತ ಇವತ್ತು ಮ್ಯೂನಿಕ್ ಹತ್ತಿರದ ಷ್ಲೈಸ್‌ಹೈಮ್ ಮ್ಯೂಸಿಯಂನಲ್ಲಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲೂ ಒಂದಿದೆ. ಎಷ್ಟೋ ಜನ ಅದರ ಮುಂದೆ ಫೋಟೊ ತೆಗೆಸಿಕೊಂಡಿರುತ್ತೀರಿ.

ಅದನ್ನು ಹಾರಿಸಿ ಅಂತ ನಾನು ಕೇಳುವುದಿಲ್ಲ. ಉಳಿದಿರುವ ಯಾವುದಾದರೂ ಒಂದು ಮಾರುತದ ಎಂಜಿನ್ನನ್ನು ಬಿಚ್ಚಿ, ಸರಿಮಾಡಿ, ವರ್ಷಕ್ಕೊಂದು ದಿನ ನೆಲದ ಮೇಲೆ ಓಡಿಸಿದರೆ ಸಾಕು. ಅದನ್ನು ಕಟ್ಟಿದವರಲ್ಲಿ, ಹಾರಿಸಿದವರಲ್ಲಿ ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಪಕ್ಕ ನಾಲ್ಕು ಹುಡುಗ ಹುಡುಗಿಯರನ್ನು ಈಗಲೇ ನಿಲ್ಲಿಸಬೇಕು. ದಿನ ಹುಡುಕುವುದೇ ಬೇಡ, ಜೂನ್ 17 ಇದ್ದೇ ಇದೆ. ಆ ದಿನ ಬಂದರೆ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದು ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ.