ಆಷಾಢ ಸೇಲಿಗೆ ಸ್ಕಾಲರ್‌ಶಿಪ್ ಅಂತ ಹೆಸರಿಟ್ಟವರು ಯಾರು?

ಇವತ್ತು ಮಧ್ಯಾಹ್ನದಿಂದ ತಲೆ ಕೆಟ್ಟಿದೆ. ಊಟ ಮಾಡಿದರೂ ಸರಿಹೋಗಲಿಲ್ಲ, ಎರಡು ಲೋಟ ಕಾಫಿ ಕುಡಿದರೂ ಸರಿಹೋಗಲಿಲ್ಲ. ಅದಕ್ಕೇ ಇಲ್ಲಿ ಬಂದು ಕೂತಿದ್ದೇನೆ. ಉದ್ದ ಆಗುತ್ತೆ. ಪುರುಸೊತ್ತು ಇದ್ದವರು ಮಾತ್ರ ಓದಿ.

ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಇವತ್ತು ‘ವಿದೇಶಿ ಶಿಕ್ಷಣ ಮಾರ್ಗದರ್ಶನ ಶಿಬಿರ’. ಬೆಂಗಳೂರಿನಿಂದ ಒಂದು ಕನ್ಸಲ್ಟೆನ್ಸಿಯವರು ಬಂದಿದ್ದರು. ಮಾತಾಡಿದ್ದು ಕೋಟು ಹಾಕಿದ ಹುಡುಗ, ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ನಮ್ಮ ಹಾಲ್‌ನ ಫ್ಯಾನುಗಳ ವಿಷಯ ನಿಮಗೆ ಗೊತ್ತಲ್ಲ, ಪಾಪ ಬೆವರು ಒರೆಸಿಕೊಳ್ಳುತ್ತಲೇ ಮಾತಾಡಿದ. ಮಕ್ಕಳಿಗೆ ಒಂದೊಂದು ಪ್ಲಾಸ್ಟಿಕ್ ಫೋಲ್ಡರು, ಒಂದೊಂದು ಪೆನ್ನು. ಪ್ರಿನ್ಸಿಪಾಲರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅತಿಥಿಗಳೇ ಬಂದು ಮನೆಯವರಿಗೆ ಸನ್ಮಾನ ಮಾಡಿದ್ದನ್ನು ನಾನು ಮೊದಲ ಸಲ ನೋಡಿದೆ. (ನಮಗೆ ಬಿಸ್ಕತ್ತು. ಎರಡು.)

ಹಿಂದೆ ಫ್ಲೆಕ್ಸು. ‘100% ಸ್ಕಾಲರ್‌ಶಿಪ್’ ಅಂತ ಆನೆ ಗಾತ್ರದಲ್ಲಿ. ಅದರ ಕೆಳಗೆ ಇರುವೆ ಗಾತ್ರದಲ್ಲಿ ‘ಗೈಡೆನ್ಸ್’. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೇ ಕನ್ನಡಕ ಸರಿ ಮಾಡಿಕೊಂಡ ಮೇಲೆ ಕಾಣಿಸಿತು.

ಆಮೇಲೆ ಸ್ಲೈಡು. ಇಂಗ್ಲೆಂಡಿನ ಯಾವುದೋ ಯೂನಿವರ್ಸಿಟಿ. ಫೀಸು 17,000 ಪೌಂಡ್, ಅದರ ಮೇಲೆ ಕೆಂಪು ಗೀಟು. ಕೆಳಗೆ ಹಸಿರು ಅಕ್ಷರದಲ್ಲಿ 13,000. ಪಕ್ಕದಲ್ಲಿ ಒಂದು ಹಳದಿ ನಕ್ಷತ್ರ, ನಕ್ಷತ್ರದೊಳಗೆ ‘4,000 ಪೌಂಡ್ ಸ್ಕಾಲರ್‌ಶಿಪ್! ಅಪ್ಲೈ ಮಾಡಿದ ಎಲ್ಲರಿಗೂ!’

ಎಲ್ಲರಿಗೂ ಕೊಡುವುದಾದರೆ ಅದು ಸ್ಕಾಲರ್‌ಶಿಪ್ ಹೇಗೆ ಸ್ವಾಮಿ? ನಮ್ಮೂರಿನ ಬಟ್ಟೆ ಅಂಗಡಿಯವರೂ ಪ್ರತಿ ವರ್ಷ ಇದನ್ನೇ ಮಾಡುತ್ತಾರೆ. ಆಷಾಢ ಬಂತು ಅಂದರೆ ಸೀರೆಗೆ ಮೊದಲು ಒಂದು ಬೆಲೆ ಚೀಟಿ, ಅದರ ಮೇಲೆ ಗೀಟು, ಕೆಳಗೆ ಇನ್ನೊಂದು ಬೆಲೆ. ಆದರೆ ಆ ಅಂಗಡಿಯವರಿಗೆ ಮಾನ ಇದೆ. ಸೇಲ್ ಅಂತ ಬರೆಯುತ್ತಾರೆ. ‘ಸೀರೆ ವಿದ್ಯಾರ್ಥಿ ವೇತನ’ ಅಂತ ಬರೆಯುವುದಿಲ್ಲ.

ನಾನು ಇಷ್ಟಕ್ಕೇ ಸುಮ್ಮನಿರುತ್ತಿದ್ದೆ. ನನ್ನ ಬಿಪಿಗೂ ಒಂದು ಮಿತಿ ಇದೆ. ಆದರೆ ಮೂರು ಗಂಟೆಗೆ ಲ್ಯಾಬ್ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಕೊನೇ ವರ್ಷದ ಬಿಎಸ್ಸಿ ಹುಡುಗಿಯ ಅಪ್ಪ. ಗೂಡ್ಸ್ ಆಟೋ ಓಡಿಸುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರು. “ಅಯ್ಯೋ, ಹಾಕ್ಕೊಳ್ಳಿ, ಇಲ್ಲಿ ಆ್ಯಸಿಡ್ ಬಿದ್ದಿರುತ್ತೆ” ಅಂದೆ. “ಇರ್ಲಿ ಬಿಡಿ ಮೇಡಂ, ವಿದ್ಯೆ ಕಲಿಸೋ ಜಾಗ” ಅಂದರು. ಆ ಪ್ಲಾಸ್ಟಿಕ್ ಫೋಲ್ಡರನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ದೇವಸ್ಥಾನದಿಂದ ತಂದ ಹಣ್ಣುಕಾಯಿ ಹಿಡಿದ ಹಾಗೆ.

“ಮಗಳಿಗೆ ಸ್ಕಾಲರ್‌ಶಿಪ್ ಬಂತಂತೆ ಮೇಡಂ. ಮಿಕ್ಕಿದ್ದಕ್ಕೆ ಅವರೇ ಲೋನ್ ಮಾಡಿಸಿ ಕೊಡ್ತಾರಂತೆ. ಸೈಟು ಅಡ ಇಟ್ಟರೆ ಸಾಕಂತೆ.”

ಮೂರು ‘ಅಂತೆ’. ಪೆನ್ಸಿಲ್ ತಗೊಂಡು ರಫ್ ಪುಸ್ತಕದ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ‘ಸ್ಕಾಲರ್‌ಶಿಪ್’ ಕಳೆದ ಮೇಲೂ ಫೀಸೇ ಹದಿನಾಲ್ಕು ಹದಿನೈದು ಲಕ್ಷ. ಅಲ್ಲಿ ಇರೋಕೆ, ತಿನ್ನೋಕೆ ಬೇರೆ. ವೀಸಾಕ್ಕೆ ಬೇರೆ. ಅವರು ತುಂಬಾ ಹೊತ್ತು ಆ ಅಂಕಿ ನೋಡಿದರು. “ಹಂಗಾದ್ರೆ ಸ್ಕಾಲರ್‌ಶಿಪ್ ಅಂದ್ರೆ ದುಡ್ಡು ನಾವೇ ಕೊಡೋದಾ ಮೇಡಂ?” ಅಂದರು. ವ್ಯಂಗ್ಯ ಅಲ್ಲ. ನಿಜವಾಗಿ ಕೇಳಿದ್ದು.

ನನಗೆ ಉರಿದದ್ದು ಇಲ್ಲಿ. ಒಂದು ಒಳ್ಳೆಯ ಪದವನ್ನು ಹೀಗೆ ಹಾಳು ಮಾಡಿದರೆ ನಿಜವಾದದ್ದು ಎದುರಿಗೆ ಬಂದಾಗ ಜನ ನಂಬುವುದು ಹೇಗೆ?

ಯಾಕೆಂದರೆ ನಿಜವಾದದ್ದು ಇದೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ತಗೊಳ್ಳಿ. ಒಂದರಿಂದ ಎರಡು ವರ್ಷದ ಮಾಸ್ಟರ್ಸ್, ಕನಿಷ್ಠ ಎರಡು ದೇಶಗಳಲ್ಲಿ ಓದು. ಸ್ಕಾಲರ್‌ಶಿಪ್ ಸಿಕ್ಕವರಿಗೆ ಫೀಸಿಲ್ಲ, ಮೇಲೆ ತಿಂಗಳಿಗೆ 1,400 ಯೂರೋ ಕೈಗೆ ಕೊಡುತ್ತಾರೆ. ಬಹುತೇಕ ಕೋರ್ಸುಗಳಿಗೆ ಕೊನೇ ವರ್ಷದಲ್ಲಿ ಇರುವವರೂ ಅರ್ಜಿ ಹಾಕಬಹುದು. ಸ್ಕಾಲರ್‌ಶಿಪ್ ಪಡೆಯುವವರ ಪಟ್ಟಿಯಲ್ಲಿ ಭಾರತದ ಮಕ್ಕಳು ಯಾವಾಗಲೂ ಮುಂದೆ ಇರುತ್ತಾರೆ. ಜಪಾನ್ ಸರ್ಕಾರದ ಮೆಕ್ಸ್ಟ್ ಇದೆ, ವಿಮಾನದ ಟಿಕೆಟ್ಟೂ ಅವರದ್ದೇ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಇದೆ, 1983ರಿಂದ. 1959ರಲ್ಲಿ ಶುರುವಾದ ಕಾಮನ್‌ವೆಲ್ತ್ ಇದೆ. ನಮ್ಮ ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಪಿಎಚ್‌ಡಿ ಮಾಡಿದ್ದು ಆ ದುಡ್ಡಲ್ಲೇ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೂಲಿ ಕುಟುಂಬದ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 125 ಸೀಟು, ಮನೆಯ ಆದಾಯ 8 ಲಕ್ಷದ ಒಳಗಿರಬೇಕು. ನಮ್ಮ ಸಮಾಜ ಕಲ್ಯಾಣ ಇಲಾಖೆಗೆ ‘ಪ್ರಬುದ್ಧ’ ಅಂತ ಯೋಜನೆ ಇದೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳದ್ದೂ ನೆರವು ಉಂಟು. ಆ ಹುಡುಗಿಗೆ ಇದರಲ್ಲಿ ಯಾವುದು ಸಲ್ಲುತ್ತೆ ಅಂತ ಇಲ್ಲಿ ಬರೆಯಲ್ಲ. ಅವರಪ್ಪನಿಗೆ ಹೇಳಿದ್ದೇನೆ.

ಇದರಲ್ಲಿ ಒಂದೇ ಒಂದು ಹೆಸರೂ ಇವತ್ತು ಎರಡು ಗಂಟೆಯ ಭಾಷಣದಲ್ಲಿ ಬರಲಿಲ್ಲ. ಒಂದೂ ಇಲ್ಲ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ನಾನೇ ಎದ್ದು ಕೇಳಿದೆ. “ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸೇ ಇಲ್ವಂತಲ್ಲಪ್ಪ, ಅದರ ಬಗ್ಗೆ ಹೇಳಿ.” ಹುಡುಗ ಒಂದು ಕ್ಷಣ ನೀರು ಕುಡಿದ. “ಅಲ್ಲಿ ಲ್ಯಾಂಗ್ವೇಜ್ ಪ್ರಾಬ್ಲಂ ಮ್ಯಾಮ್” ಅಂದ. ಮುಂದಿನ ಸ್ಲೈಡಿನಲ್ಲೇ ಬರ್ಲಿನ್ನಿನ ಒಂದು ಪ್ರೈವೇಟ್ ಕಾಲೇಜು ತೋರಿಸಿದ. ಅಲ್ಲಿ ಭಾಷೆಯ ಪ್ರಾಬ್ಲಂ ಇಲ್ಲವಂತೆ!

ಗುಟ್ಟೇನು ಅಂದರೆ ಕಮಿಷನ್. ಒಂದು ಮಗು ಸೇರಿದರೆ ಅದರ ಮೊದಲ ವರ್ಷದ ಫೀಸಲ್ಲಿ ಇಂತಿಷ್ಟು ಪಾಲು ಅಂತ ಯೂನಿವರ್ಸಿಟಿಯವರು ಏಜೆಂಟರಿಗೆ ಕೊಡುತ್ತಾರೆ. ಫೀಸೇ ಇಲ್ಲದ ಕಡೆ ಪಾಲು ಎಲ್ಲಿಂದ ಬರಬೇಕು? ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುಪಾಲು ಕಡೆ ಟ್ಯೂಷನ್ ಫೀ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿದ್ದಾರೆ. ಹಾಗಂತ ಜರ್ಮನಿ ಪುಕ್ಕಟೆ ಅಂತ ನಾನೂ ಫ್ಲೆಕ್ಸ್ ಹಾಕಿಸಲ್ಲ. ಬ್ಲಾಕ್ಡ್ ಅಕೌಂಟ್ ಅಂತ 11,904 ಯೂರೋ ಮೊದಲೇ ಕಟ್ಟಿ ತೋರಿಸಬೇಕು, ಸುಮಾರು ಹನ್ನೆರಡು ಲಕ್ಷ. ಅದು ದೊಡ್ಡ ದುಡ್ಡೇ. ಆದರೆ ನಿಮ್ಮದೇ ದುಡ್ಡು, ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ವಾಪಸ್ ಬರುತ್ತೆ. ನಮ್ಮ ಅಂಕಪಟ್ಟಿ, ಡಿಗ್ರಿ ಎಲ್ಲ ಅಸಲಿ ಅಂತ ತೋರಿಸುವ ಎಪಿಎಸ್ ಸರ್ಟಿಫಿಕೇಟ್ ಮಾಡಿಸಬೇಕು, 2022ರಿಂದ ನಮ್ಮವರಿಗೆ ಕಡ್ಡಾಯ. ಇದನ್ನೆಲ್ಲ ಹೇಳಿ ಮಕ್ಕಳೇ ಯೋಚನೆ ಮಾಡಲಿ ಅಂತ ಬಿಡಬಹುದಿತ್ತು, ಅಲ್ವಾ?

ಇನ್ನೊಂದು. ಹುಡುಗ ಪದೇ ಪದೇ ಹೇಳಿದ: “ಗ್ಯಾಪ್ ಮಾಡ್ಕೋಬೇಡಿ, ಸೆಪ್ಟೆಂಬರ್ ಇನ್‌ಟೇಕ್‌ಗೇ ಹೊರಡಿ.” ಚೀವ್ನಿಂಗ್‌ನವರು ಏನು ಕೇಳುತ್ತಾರೆ ಗೊತ್ತಾ? ಎರಡು ವರ್ಷ, ಅಂದರೆ 2,800 ಗಂಟೆ ಕೆಲಸ ಮಾಡಿದ ಅನುಭವ. ಅಮೆರಿಕದಲ್ಲಿ ಓದೋಕೆ ಕೊಡುವ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್‌ನವರು ಮೂರು ವರ್ಷ ಕೇಳುತ್ತಾರೆ. ಇವರಿಗೆ ಕಳಂಕ ಅನ್ನಿಸಿದ್ದು ಅವರಿಗೆ ಅರ್ಹತೆ. ಎರಡು ವರ್ಷ ನೌಕರಿ ಮಾಡಿ ನಾಲ್ಕು ಕಾಸು ಮಾಡಿಕೊಂಡು, ಆಮೇಲೆ ಸರ್ಕಾರದ ದುಡ್ಡಲ್ಲಿ ಓದೋಕೆ ಹೋಗು ಅಂತ ಯಾವ ಏಜೆಂಟ್ ಹೇಳುತ್ತಾನೆ? ಎರಡು ವರ್ಷ ಅವನ ಟಾರ್ಗೆಟ್ ಕಾಯುತ್ತಾ?

ಸರಿ, ನಮ್ಮ ಇಂಗ್ಲಿಷ್ ಡಿಪಾರ್ಟ್‌ಮೆಂಟಿನ ಮೇಷ್ಟ್ರು ಸ್ಟಾಫ್ ರೂಮಲ್ಲಿ ಇದಕ್ಕೆ ಉತ್ತರ ಕೊಟ್ಟರು, ಅದನ್ನೂ ಹೇಳಿಬಿಡುತ್ತೇನೆ. “ನಿಮ್ಮ ಎರಾಸ್ಮಸ್ಸು ಸಿಗೋದು ನೂರರಲ್ಲಿ ಒಬ್ಬನಿಗೆ. ಮಿಕ್ಕ ತೊಂಬತ್ತೊಂಬತ್ತು ಜನ ಏನ್ ಮಾಡ್ಬೇಕು? ಏಜೆಂಟ್ ಆದ್ರೂ ಫಾರಂ ತುಂಬ್ತಾನೆ, ವೀಸಾ ಮಾಡಿಸ್ತಾನೆ. ನಾವೇನ್ ಮಾಡಿದೀವಿ?” ಒಪ್ಪಿದೆ. ಒಳ್ಳೆ ಏಜೆಂಟರೂ ಇದ್ದಾರೆ, ಅದೂ ಒಪ್ಪಿದೆ. ಆದರೆ ಮೇಷ್ಟ್ರೇ, ಸಿಗೋದು ಕಷ್ಟ ಅಂತ ಹೆಸರೇ ಹೇಳಬಾರದಾ? ಕೆಎಎಸ್ ಎಷ್ಟು ಜನಕ್ಕೆ ಸಿಗುತ್ತೆ? ನಮ್ಮೂರಲ್ಲಿ ಕೋಚಿಂಗ್ ಸೆಂಟರ್ ಇಲ್ಲದ ಬೀದಿ ಇದೆಯಾ?

ಆದರೆ ಅವರ ಕೊನೇ ಮಾತು ಮನೆವರೆಗೂ ಬಂತು. ನಾವೇನ್ ಮಾಡಿದೀವಿ?

ಹೇಳುತ್ತೇನೆ ಕೇಳಿ. ಹದಿನೈದು ದಿನದ ಹಿಂದೆ ಸ್ಟೇಪ್ಲರ್ ಪಿನ್ ಹುಡುಕೋಕೆ ಆಫೀಸಿನ ಡ್ರಾಯರ್ ಎಳೆದೆ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು. ಎಲ್ಲ ಸ್ಕಾಲರ್‌ಶಿಪ್ ಸುತ್ತೋಲೆಗಳು. ವಿದ್ಯಾರ್ಥಿಗಳದ್ದು, ಅಧ್ಯಾಪಕರ ಫೆಲೋಶಿಪ್‌ದು, ಎಲ್ಲ ಸೇರಿ. ಪ್ರತಿಯೊಂದರ ಮೂಲೆಯಲ್ಲೂ ಹಸಿರು ಇಂಕಿನಲ್ಲಿ ‘ನೋಟಿಸ್ ಬೋರ್ಡ್‌ಗೆ’ ಅಂತ ಶರಾ, ಕೆಳಗೆ ಸಹಿ. ಯಾವುದೂ ಬೋರ್ಡ್ ಮುಟ್ಟಿಲ್ಲ. ಕೇಳಿದರೆ ಗುಮಾಸ್ತರು ತಣ್ಣಗೆ ಹೇಳಿದರು: “ಬೋರ್ಡಿನ ಗಾಜಿನ ಬೀಗದ ಕೈ ಇಲ್ಲ ಮೇಡಂ.” ಹೋಗಿ ನೋಡಿದೆ. ಗಾಜಿನ ಹಿಂದೆ ಹೋದ ವರ್ಷದ ರಕ್ತದಾನ ಶಿಬಿರದ ನೋಟಿಸ್ ಹಳದಿಯಾಗಿ ಮುದುಡಿ ಕೂತಿದೆ.

ಕೋಟಿನ ಹುಡುಗನಿಗೆ ಹಾಲ್ ಕೊಟ್ಟೆವು, ಮೈಕ್ ಕೊಟ್ಟೆವು, ಮೂರು ಪೀರಿಯಡ್ ಬಿಟ್ಟುಕೊಟ್ಟೆವು. ಈ ಸುತ್ತೋಲೆಗಳಿಗೆ ಒಂದು ಡ್ರಾಯಿಂಗ್ ಪಿನ್ ಕೊಡಲಿಲ್ಲ.

ಅಧ್ಯಾಪಕರ ಕಥೆ ಕೇಳಲೇಬೇಡಿ. ನನ್ನ ಫೆಲೋಶಿಪ್ ಪುರಾಣ ಹಳೇ ಸ್ನೇಹಿತರಿಗೆ ಬಾಯಿಪಾಠ ಆಗಿದೆ, ಆದರೂ ಇನ್ನೊಂದು ಸಲ. ಆರು ತಿಂಗಳ ಸಂಶೋಧನೆಗೆ ಹೊರಗಿನ ಲ್ಯಾಬಿನವರು ಬಾ ಅಂದಿದ್ದರು. ಅರ್ಜಿ ‘ಸೂಕ್ತ ಮಾರ್ಗದ ಮೂಲಕ’ ಹೋಗಬೇಕು. ಹೋಯಿತು. ಮಾರ್ಗ ಎಷ್ಟು ಸೂಕ್ತ ಅಂದರೆ, ಮೇಲಿನ ಕಚೇರಿಯಿಂದ ಒಂದು ಆಕ್ಷೇಪಣೆ ಬಂತು: ಆಹ್ವಾನ ಪತ್ರದ ಮೂಲ ಪ್ರತಿ ಲಗತ್ತಿಸಿ. ಆಹ್ವಾನ ಬಂದದ್ದು ಇಮೇಲಲ್ಲಿ! ಇಮೇಲಿಗೆ ಮೂಲ ಪ್ರತಿ ಎಲ್ಲಿಂದ ತರಲಿ? ಪ್ರಿಂಟ್ ತೆಗೆದು ‘ಇದೇ ಮೂಲ ಪ್ರತಿ’ ಅಂತ ಬರೆದು ಸಹಿ ಮಾಡಿ ಕಳಿಸಿದೆ. ಎನ್‌ಒಸಿ ಬಂತು. ಕೊನೇ ದಿನಾಂಕ ಕಳೆದು ನಲವತ್ತೊಂದು ದಿನಕ್ಕೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಬೇಜಾರಾದಾಗ ನೋಡಿ ನಗುತ್ತೇನೆ.

ಇಲ್ಲಿವರೆಗೆ ಎಲ್ಲರನ್ನೂ ಬೈದಾಯಿತು. ಇನ್ನು ನನ್ನದು.

ಐದಾರು ವರ್ಷದ ಹಿಂದೆ ಒಬ್ಬಳು ಹುಡುಗಿ ರೆಕಮೆಂಡೇಷನ್ ಲೆಟರ್ ಕೇಳಿಕೊಂಡು ಬಂದಳು. ಎರಾಸ್ಮಸ್ಸಿಗೇ. ಹೇಗೋ ತಾನೇ ಹುಡುಕಿಕೊಂಡಿದ್ದಳು. ವ್ಯಾಲ್ಯುಯೇಷನ್ ಸಮಯ, ನನಗೆ ತಲೆ ಮೇಲೆ ಕೆಲಸ. “ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ” ಅಂದೆ. ನಾವೆಲ್ಲ ಅನ್ನುವುದು ಅದನ್ನೇ ತಾನೆ. ಬರೆದುಕೊಂಡು ಬಂದಳು. ತನ್ನನ್ನು ತಾನೇ ಹೊಗಳಿಕೊಳ್ಳಲು ಯಾರಿಗಾದರೂ ಮುಜುಗರ. ನಾಲ್ಕೇ ಸಾಲು ಬರೆದಿದ್ದಳು. ಒಳ್ಳೆಯ ನಡತೆಯವಳು, ತರಗತಿಗೆ ತಪ್ಪದೆ ಬರುತ್ತಾಳೆ, ಶುಭವಾಗಲಿ. ನಾನು ಓದಲೂ ಇಲ್ಲ. ಸಹಿ ಹಾಕಿ ಸೀಲು ಒತ್ತಿದೆ.

ಟೈಟ್ರೇಷನ್ನಲ್ಲಿ ಎಂಡ್ ಪಾಯಿಂಟನ್ನು ಒಂದು ತೊಟ್ಟು ಆಚೀಚೆ ಆಗದ ಹಾಗೆ ಹಿಡಿಯುತ್ತಿದ್ದಳು ಆ ಹುಡುಗಿ. ಎರಡು ವರ್ಷದಿಂದ ಮೂಲೆ ಸೇರಿದ್ದ ಕಲರಿಮೀಟರನ್ನು ಬಿಚ್ಚಿ, ಬಲ್ಬ್ ಬದಲಾಯಿಸಿ ನಡೆಯುವ ಹಾಗೆ ಮಾಡಿದ್ದಳು. ಇವತ್ತಿಗೂ ಅದೇ ಕಲರಿಮೀಟರಲ್ಲಿ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಇಷ್ಟನ್ನು ಬರೆಯಲು ಅರ್ಧ ಗಂಟೆ ಸಾಕಿತ್ತು. ಅವಳಿಗೆ ಸಿಗಲಿಲ್ಲ. ನನ್ನ ಪತ್ರದಿಂದಲೇ ಸಿಗಲಿಲ್ಲ ಅಂತ ಯಾರೂ ಹೇಳಲಾರರು. ಅಲ್ಲ ಅಂತಲೂ ಹೇಳಲಾರರು. ಈಗ ಪೀಣ್ಯದ ಒಂದು ಫಾರ್ಮಾ ಕಂಪನಿಯಲ್ಲಿ ಇದ್ದಾಳೆ. ಟೀಚರ್ಸ್ ಡೇಗೆ ತಪ್ಪದೆ ಮೆಸೇಜ್ ಮಾಡುತ್ತಾಳೆ. ಅದು ಬಂದಾಗೆಲ್ಲ ನಂಗೆ ಒಂಥರಾ ಆಗುತ್ತೆ.

ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಿದರೆ ವಾಪಸ್ ಬರ್ತಾರಾ ಅಂತ ಕಾಮೆಂಟ್ ಹಾಕಲು ಕಾಯುತ್ತಿರುವ ಮಾವಂದಿರಿಗೆ ಮೊದಲೇ ಉತ್ತರ. ನಂಜನಗೂಡಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ 1947ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಸರ್ಕಾರದ ಸ್ಕಾಲರ್‌ಶಿಪ್, ಆಮೇಲೆ ಮಿಷಿಗನ್ ಯೂನಿವರ್ಸಿಟಿಯ ಬಾರ್ಬರ್ ಸ್ಕಾಲರ್‌ಶಿಪ್. ಪಿಎಚ್‌ಡಿ ಮುಗಿಸಿ 1953ರಲ್ಲಿ ವಾಪಸ್ ಬಂದು ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಐಐಎಸ್‌ಸಿ) ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರ ಅಪ್ಪಅಮ್ಮ ಯಾವ ಸೈಟನ್ನೂ ಅಡ ಇಡಲಿಲ್ಲ. ಮುಂದಿನ ಕಾಮೆಂಟ್ ಹಾಕಿ.

ನಾಳೆಯಿಂದ ಶನಿವಾರದವರೆಗೆ ಮಧ್ಯಾಹ್ನ ಮೂರೂವರೆಗೆ ಲ್ಯಾಬಲ್ಲಿ ಕೂತಿರುತ್ತೇನೆ. ಆ ಡ್ರಾಯರಿನ ಕಟ್ಟು ನನ್ನ ಹತ್ತಿರ ಇದೆ. ಎರಾಸ್ಮಸ್ ಅರ್ಜಿಗಳು ಹೆಚ್ಚಾಗಿ ಅಕ್ಟೋಬರಿಂದ ಜನವರಿ ಒಳಗೆ ಮುಗಿಯುತ್ತವೆ, ಹಾಗಾಗಿ ಬರುವವರು ಬೇಗ ಬನ್ನಿ. ಬೇರೆ ಕಾಲೇಜಿನವರೂ ಬರಬಹುದು. ಲೆಟರ್ ನಾನೇ ಬರೆಯುತ್ತೇನೆ. ಬಿಸ್ಕತ್ತು ಇರಲ್ಲ.

ಮತ್ತೆ, ಪ್ರಿನ್ಸಿಪಾಲರು ನನ್ನ ಫ್ರೆಂಡ್ ಲಿಸ್ಟಲ್ಲಿ ಇದ್ದಾರೆ, ಲೈಕ್ ಮಾಡದಿದ್ದರೂ ಎಲ್ಲ ಓದುತ್ತಾರೆ ಅಂತ ಗೊತ್ತು. ಸರ್, ಬೀಗದ ಕೈ ಹುಡುಕಿಸ್ತೀರಾ, ಇಲ್ಲ ನಾನೇ ಗಾಜು ಒಡೆದುಬಿಡಲಾ?