ಖಾರದ ನೀರಿಗೆ ಆನೆಗೊಂದಿ ಮಂಗ ಹೆದರಲ್ಲ

‘ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ನೀರು ಸಿಂಪಡಿಸಿದರೆ ಮಂಗ ಕೈತೋಟದ ಹತ್ತಿರ ಸುಳಿಯೋದಿಲ್ಲ, ಬಲೆನೂ ಕಟ್ಟಬೇಕು’ ಅಂತ ನಿಮ್ಮ ಕೈತೋಟದ ಲೇಖನದಾಗ ಬರೆದಿದ್ದೀರಿ. ಸರ್, ಒಮ್ಮೆ ನಮ್ಮ ಆನೆಗೊಂದಿ ಕಡೆ ಬರ್ರಿ. ಅಂಜನಾದ್ರಿ ಬೆಟ್ಟದ ಹನುಮಪ್ಪನ ಗುಡಿಗೆ ಬರೋ ಭಕ್ತರ ಕೈಯಿಂದ ಬಾಳೆಹಣ್ಣು ಕಸಿದು ತಿಂದು ಬೆಳೆದ ಮಂಗಗಳಿವು. ಹೋದ ಶ್ರಾವಣದಾಗ ನಾನೂ ಅದೇ ನೀರು ಹೊಡೆದೆ. ಹೊಟ್ಟೆಗೆ ಮರಿ ಕಚ್ಚಿಕೊಂಡಿದ್ದ ಒಂದು ತಾಯಿಮಂಗ ಟೊಮೆಟೊ ಕಿತ್ತು, ಮೂಸಿ ನೋಡಿ, ಬಟ್ಟೆ ಒಗೆಯೋ ಕಲ್ಲಿಗೆ ನಾಲ್ಕು ಸಲ ಉಜ್ಜಿ, ನಮ್ಮ ಮುಂದೆಯೇ ತಿಂದುಹೋಯ್ತು! ಒಂದು ಮಳೆ ಬಿದ್ದರೆ ಖಾರವೆಲ್ಲ ತೊಳೆದುಹೋಗುತ್ತೆ ಅನ್ನೋದು ಬೇರೆ ಮಾತು.

ಬಲೆ ಕಟ್ಟಬೇಕು ಅನ್ನೋದನ್ನ ಒಪ್ತೀನಿ, ಆದರೆ ನೈಲಾನ್ ಬಲೆಯ ತುದಿಯನ್ನ ನೆಲದ ಮೇಲೆ ಸಡಿಲ ಬಿಡಬಾರದು ಅಂತ ನೀವು ಹೇಳಲೇ ಇಲ್ಲ. ನಮ್ಮ ಹಿತ್ತಲದಾಗ ಕೇರೆಹಾವು ಸಿಕ್ಕಿಕೊಂಡು, ಎಳೆದಷ್ಟೂ ದಾರ ಮೈಗೆ ಕೊರೆದಿತ್ತು. ಕತ್ತರಿ ತಂದು ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದ್ವಿ. ಇಲಿ ತಿನ್ನೋ ಹಾವನ್ನೇ ಕೊಂದರೆ ಗೆಣಸು, ಶೇಂಗಾ ಕಾಯೋರು ಯಾರು? ಈಗ ಬಲೆಯ ಅಂಚನ್ನ ಬಿಗಿಯಾಗಿ ಎಳೆದು ಮಣ್ಣಾಗ ಹೂತೀವಿ.

ತೋಟಕ್ಕೆ ಬಂದ ನವಿಲಿಗೆ ಕಲ್ಲು ಹೊಡೆಯೋರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಾಗ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಾಗ, ಅದರ ಹೆಸರಿದೆ, ನೆನಪಿರಲಿ. ನಾನಂತೂ ಟೊಮೆಟೊ ಬಿಟ್ಟೆ. ಹಾಗಲಬಳ್ಳಿ, ಪುಂಡಿಪಲ್ಲೆ ಹಾಕೀನಿ. ಹಾಗಲಕಾಯನ್ನ ಒಂದು ಮರಿಮಂಗ ಕಚ್ಚಿ ನೋಡಿ ಉಗುಳಿ ಹೋಯ್ತು, ಅಷ್ಟೇ.